ಅಜ್ಜಿಯ ಕೋಳಿ, ಮೊಮ್ಮಗನ ಹುಳು

ಹುಳುವೆಂದೊಡನೆ ಮೂಗು ಮುರಿಯದವರು ಪಟ್ಟಣಗಳಲ್ಲಿ ವಿರಳ. ಅಕ್ಕಿಯಲ್ಲೊಂದು ಕಂಡರೆ ಅಂಗಡಿಯವನೊಡನೆ ಜಗಳ. ಬದನೆಕಾಯಿಯಲ್ಲೊಂದು ಕಂಡರೆ ಅಂದಿನ ಪಲ್ಯಕ್ಕೇ ಮಂಗಳ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಒಂಟಿಮನೆಗಳಲ್ಲಿ ಹುಳುವಿಗೂ ಒಂದು ಮರ್ಯಾದೆಯುಂಟು. ಕೋಳಿಮರಿಗಳಿಗೆಂದು ಗೆದ್ದಲು ಹುಡುಕಿ ತರುವ ಅಜ್ಜಿಯರು ಅಲ್ಲಿ ಅಪರೂಪವಲ್ಲ.

ತೀರ್ಥಹಳ್ಳಿಯ ಕಡೆಯ ಅಂಥದೊಂದು ಮನೆಗೆ ಬೆಂಗಳೂರಿನ ಕೆಲಸ ಬಿಟ್ಟ ಮೊಮ್ಮಗ ಮರಳಿದನು. ಅಜ್ಜಿಯ ಹತ್ತು ಕೋಳಿಗಳು ಇನ್ನೂರಾದುವು. ಕೋಳಿಯೊಡನೆ ಹಿಕ್ಕೆ ಹೆಚ್ಚಿತು, ಹಿಕ್ಕೆಯೊಡನೆ ನೊಣ, ನೊಣದೊಡನೆ ನೆರೆಮನೆಯ ದೂರು. ಮೂರು ತಲೆಮಾರಿನಿಂದ ತೋಟದ ನೀರನ್ನು ಹಂಚಿಕೊಂಡು ಬಂದವರು ಅಂಗಳಕ್ಕೆ ಬರುವುದನ್ನೇ ಬಿಟ್ಟರು. ಇತ್ತ ಮೇವಿನ ಅಂಗಡಿಯ ಸಾಲವೂ ಬೆಳೆಯುತ್ತಿತ್ತು.

ಆಗ ಅವನ ಗಮನ ಕಪ್ಪು ಸೈನಿಕ ನೊಣದತ್ತ ಹರಿಯಿತು. ಅಮೆರಿಕ ಖಂಡದಲ್ಲಿ ಹುಟ್ಟಿ, ಈಗ ಬೆಚ್ಚಗಿನ ನಾಡುಗಳಲ್ಲೆಲ್ಲ ನೆಲೆಸಿರುವ ಈ ಜೀವಿಗೆ ರೆಕ್ಕೆ ಬಂದ ಮೇಲೆ ಊಟದ ಗೊಡವೆ ಇಲ್ಲವೆಂದೇ ಹೇಳಬೇಕು. ವಾರದಷ್ಟು ಬದುಕಿನಲ್ಲಿ, ಕೊಳೆಯುವ ರಾಶಿಯ ಬಳಿಯ ಒಣ ಬಿರುಕಿನಲ್ಲಿ ಸುಮಾರು 500 ಮೊಟ್ಟೆಯಿಟ್ಟು ಅದು ಕಣ್ಮುಚ್ಚುತ್ತದೆ. ನಾಲ್ಕು ದಿನಗಳಲ್ಲಿ ಹೊರಬಂದ ಮರಿಗಳು ಎರಡು ಮೂರು ವಾರ ಹಗಲಿರುಳೆನ್ನದೆ ತಿನ್ನುತ್ತವೆ. ಅವು ತುಂಬಿದ ರಾಶಿಯಲ್ಲಿ ಮನೆನೊಣಕ್ಕೆ ನೆಲೆ ಸಿಗುವುದು ಕಷ್ಟ. ಬೆಳೆದ ಹುಳು ಕಪ್ಪಾಗಿ, ಒಣಜಾಗವನ್ನರಸಿ ತಾನೇ ಮೇಲೇರುತ್ತದೆ. ಹಲಗೆಯೊಂದನ್ನು ಓರೆಯಾಗಿಟ್ಟರೆ ಸಾಲುಗಟ್ಟಿ ಬಂದು ಡಬ್ಬಿಗೆ ಬೀಳುತ್ತದೆ. ಒಣಗಿದ ಹುಳುವಿನಲ್ಲಿ ಶೇಕಡಾ 40ರಷ್ಟು ಸಸಾರಜನಕ!

ಮೊದಲ ಮಳೆಗಾಲವೇ ಅವನ ವಿದ್ಯೆಯನ್ನು ತೊಳೆದುಹಾಕಿತು. ಆಗುಂಬೆ, ಹುಲಿಕಲ್ಲುಗಳ ಸೀಮೆಯ ಮಳೆಗೆ ಸೋಗೆಯ ಮಾಡು ಸಾಲಲಿಲ್ಲ. ತೊಟ್ಟಿ ಕೆಸರಾಗಿ, ಹುಳುಗಳು ಸತ್ತು ನಾರಿದುವು. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಅಜ್ಜಿಯ ವಿಶ್ವವಿದ್ಯಾಲಯ ಕೊಟ್ಟಿಗೆಯೇ. ಆಕೆ ಬೈಯಲಿಲ್ಲ. ಬೇಸಗೆಯಲ್ಲಿ ಕೂಡಿಟ್ಟಿದ್ದ ದರಗನ್ನೂ ಭತ್ತದ ಹೊಟ್ಟನ್ನೂ ಬೆರೆಸಿ, ತೊಟ್ಟಿಯನ್ನು ಹೆಂಚಿನ ಮಾಡಿನ ಕೆಳಗೆ ಇಡಿಸಿದಳು. ಮುಂದಿನ ಸಂತತಿ ಉಳಿಯಿತು.

ಆದರೆ ಆ ಹುಳುಗಳನ್ನು ಕೋಳಿಗೆ ಹಾಕಹೊರಟಾಗ ಅಜ್ಜಿ ಅವನ ಕೈ ಹಿಡಿದಳು.

"ಹಿಕ್ಕೆ ತಿಂದ ಹುಳ ಮತ್ತೆ ಕೋಳಿಗೇನೋ ಮಗ? ರೋಗ ಬಂದರೆ?"

ಅದು ಹಳೆಯ ಕಾಲದವರ ಮಡಿಯಲ್ಲ. 2021ರಲ್ಲಿ ಕೋಳಿಗಳಿಗೆ ಹುಳುವಿನ ಮೇವನ್ನು ಒಪ್ಪಿದ ಯೂರೋಪಿನ ಒಕ್ಕೂಟವೂ, ಅಂಥ ಹುಳುಗಳನ್ನು ಸಗಣಿ, ಹಿಕ್ಕೆಗಳ ಮೇಲೆ ಸಾಕಕೂಡದೆಂದು ವಿಧಿಸಿದೆ. ರೋಗಾಣುಗಳು ಸುತ್ತು ಹಾಕಿ ಮರಳುವ ಭಯವೇ ಅದಕ್ಕೆ ಕಾರಣ.

ಅಂದಿನಿಂದ ಆ ಮನೆಯಲ್ಲಿ ಎರಡು ತೊಟ್ಟಿಗಳು. ಒಂದರಲ್ಲಿ ಹಿಕ್ಕೆ, ಅಲ್ಲಿಯ ಹುಳುಗಳು ನೊಣವಾಗಿ ಮುಂದಿನ ಮೊಟ್ಟೆಯಿಡುತ್ತವೆ, ಉಳಿದುದು ಮಾಗಿ ಅಡಿಕೆಯ ಬುಡ ಸೇರುತ್ತದೆ. ಇನ್ನೊಂದರಲ್ಲಿ ಹಲಸಿನ ಸಿಪ್ಪೆ, ಕೊಳೆತ ಬಾಳೆಹಣ್ಣು, ತರಕಾರಿಯ ಚೂರು. ಅಲ್ಲಿಯ ಹುಳುಗಳು ಕೋಳಿಗಳ ಪಾಲು. ಅಂಗಡಿಯ ಸಾಲ ತೀರಿಲ್ಲ, ಬೆಳೆಯುವುದು ನಿಂತಿದೆ.

ದೀಪಾವಳಿಯ ಮರುದಿನ ನೆರೆಮನೆಯ ಯಜಮಾನರು ಅಂಗಳಕ್ಕೆ ಬಂದರು. ಕೆಮ್ಮಿದರು, ಮಳೆಯ ಮಾತಾಡಿದರು, ಕೊನೆಗೆ ಒಂದು ಬುಟ್ಟಿ ಗೊಬ್ಬರ ಕೇಳಿದರು. ಅಜ್ಜಿ ಮೊದಲು ಕಾಫಿ ಕೊಟ್ಟಳು.