ಗುಂಯ್ ಅನ್ನೋ ಆಂಪ್ಲಿಫೈಯರೂ, ಕಿತ್ತುಹಾಕಿದ ಅರ್ಥ್ ಪಿನ್ನೂ

ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟಿದವರಿಗೆ ಸ್ಪೀಕರಿನಿಂದ ಮೊದಲು ಕೇಳೋದು ಹಾಡಲ್ಲ, ‘ಗುಂಯ್’ ಅನ್ನೋ ಸದ್ದು. ಅದಕ್ಕೆ ನಮ್ಮ ಕಡೆ ಒಂದು ಸುಲಭದ ಮದ್ದಿದೆ: ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕೋದು. ಎಷ್ಟೋ ಸಲ ಸದ್ದು ನಿಂತೇಹೋಗುತ್ತೆ. ಮದ್ದು ಕೆಲಸ ಮಾಡುತ್ತಲ್ಲ, ಅದೇ ಅಪಾಯ!

ಹಿರಿಯೂರು ತಾಲ್ಲೂಕಿನ ಧರ್ಮಪುರದಲ್ಲಿ ನನ್ನ ತಮ್ಮನ ಮಗ ಭಜನೆಗೆ ಅಂತ ಒಂದು ಆಂಪ್ಲಿಫೈಯರ್ ಕಟ್ಟಿದ್ದ. ಟಿಡಿಎ 2030ಎ ಐಸಿ, 12-0-12 ಟ್ರಾನ್ಸ್‌ಫಾರ್ಮರ್, 4700 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್, ತಗಡಿನ ಡಬ್ಬ. ಒಂದು ಮೈಕು, ಶ್ರುತಿಗೆ ಒಂದು ಲ್ಯಾಪ್‌ಟಾಪ್. "ದೊಡ್ಡಪ್ಪ, ಪಿನ್ ಕಿತ್ತಾಕಿದ್ರೆ ಸರಿಹೋಗುತ್ತೆ ಅಂತಾರೆ, ಕೀಳ್ಲಾ?" ಅಂದ. ಸ್ವಲ್ಪ ತಡಿಯಪ್ಪ, ಮೊದ್ಲು ಯಾವ ಗುಂಯ್ ಅಂತ ನೋಡಾಣ ಅಂದೆ.

ಯಾಕಂದ್ರೆ ಗುಂಯ್‌ನಲ್ಲೂ ಜಾತಿಗಳಿವೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅಲೆಯುತ್ತೆ. ಟ್ರಾನ್ಸ್‌ಫಾರ್ಮರಿನ ಹತ್ತಿರ ಹಾದ ಮೈಕ್ ವೈರು ಅಥವಾ ಅರ್ಥ್ ಲೂಪ್ ಹಿಡಿಯೋದು ಹೆಚ್ಚಾಗಿ ಈ 50 ಹರ್ಟ್ಸ್, ಮೆತ್ತಗಿನ ಮಂದ್ರದ ಸದ್ದು. ನಾಲ್ಕು ಡಯೋಡಿನ ಬ್ರಿಡ್ಜ್ ದಾಟಿದ ಮೇಲೆ ಅದು 100 ಆಗುತ್ತೆ, ಅಂದ್ರೆ ಸರಿಯಾಗಿ ಒಂದು ಸ್ಥಾಯಿ ಮೇಲೆ, ಸ್ವಲ್ಪ ಜರ್‍ರ್ ಅನ್ನೋ ಹಾಗೆ. ಶ್ರುತಿ ಹಿಡಿಯೋ ಕಿವಿಗೆ ಈ ವ್ಯತ್ಯಾಸ ಮೀಟರಿಲ್ಲದೆ ಗೊತ್ತಾಗುತ್ತೆ.

ಮೈಕು, ಲ್ಯಾಪ್‌ಟಾಪ್ ಎರಡನ್ನೂ ತೆಗೆದು, ಇನ್‌ಪುಟ್ಟಿನ ಎರಡು ತುದಿ ಸೇರಿಸಿದ್ವಿ. ಜರ್‍ರ್ ಹಾಗೇ ಇತ್ತು. ಅಂದ್ರೆ ರೋಗ ಡಬ್ಬದೊಳಗೇ ಇದೆ.

ಮುಚ್ಚಳ ತೆಗೆದು ನೋಡಿದ್ರೆ ಟ್ರಾನ್ಸ್‌ಫಾರ್ಮರಿನ ಸೊನ್ನೆ, ಕೆಪಾಸಿಟರಿನ ಸೊನ್ನೆ, ಸ್ಪೀಕರಿನ ಸೊನ್ನೆ, ಇನ್‌ಪುಟ್ಟಿನ ಸೊನ್ನೆ ಎಲ್ಲ ಒಂದೇ ವೈರಿನಲ್ಲಿ ಸಾಲಾಗಿ ಬೆಸುಗೆ. ಕೆಪಾಸಿಟರ್ ನಿಧಾನಕ್ಕೆ ತುಂಬಲ್ಲ, ಪ್ರತಿ ಅಲೆಯ ತುದಿಯಲ್ಲಿ ಗಬಕ್ಕನೆ ಕರೆಂಟು ಎಳೆಯುತ್ತೆ. 5 ಆಂಪಿಯರ್ ಎಳೆತ, 3 ಮಿಲಿಓಮ್‌ನ ಗೇಣುದ್ದಕ್ಕೂ ಕಡಿಮೆ ವೈರು ಅಂತಿಟ್ಟುಕೊಳ್ಳಿ. 15 ಮಿಲಿವೋಲ್ಟ್ ಆಯ್ತು. ಅದು ಇನ್‌ಪುಟ್ಟಿನ ಸೊನ್ನೆಗೆ ಸೇರಿದ್ರೆ, ಐಸಿ ಮೂವತ್ತು ಪಟ್ಟು ಹಿಗ್ಗಿಸಿ ಸ್ಪೀಕರಿಗೆ ಅರ್ಧ ವೋಲ್ಟ್ ಕೊಡುತ್ತೆ. ಸೊನ್ನೆ ಅಂತ ಹೆಸರಿದ್ದ ಮಾತ್ರಕ್ಕೆ ಸೊನ್ನೆ ಆಗಲ್ಲ :-) ಎರಡೂ ಕೆಪಾಸಿಟರಿಗೆ ಟ್ರಾನ್ಸ್‌ಫಾರ್ಮರಿನ ಸೊನ್ನೆ ಮೊದಲು ಸೇರಿಸಿ, ಅಲ್ಲಿಂದ ದಪ್ಪನೆಯ ಒಂದೇ ವೈರು ಒಂದು ಬಿಂದುವಿಗೆ ತಂದು, ಉಳಿದ ಸೊನ್ನೆಗಳಿಗೆಲ್ಲ ಆ ಬಿಂದುವಿನಿಂದ ಬೇರೆ ಬೇರೆ ವೈರು ಕೊಟ್ವಿ. ಜರ್‍ರ್ ಹೋಯ್ತು.

ಲ್ಯಾಪ್‌ಟಾಪ್ ಹಾಕಿದ ತಕ್ಷಣ ಗುಂಯ್ ಶುರು. ಅದರ ಚಾರ್ಜರ್ ಕಿತ್ತರೆ ಮೌನ. ಚಾರ್ಜರಿಗೂ ಮೂರು ಪಿನ್, ಆಂಪ್ಲಿಫೈಯರಿಗೂ ಮೂರು ಪಿನ್. ಎರಡರ ಅರ್ಥೂ ಗೋಡೆಯೊಳಗೆ ಒಂದಾಗುತ್ತೆ, ಆಡಿಯೋ ವೈರಿನ ಶೀಲ್ಡಿನಲ್ಲಿ ಮತ್ತೆ ಒಂದಾಗುತ್ತೆ. ಅದೇ ಲೂಪು. ಆಂಪ್ಲಿಫೈಯರಿನ ಪಿನ್ ಕಿತ್ತರೆ ಲೂಪು ಕಡಿಯುತ್ತೆ, ಸದ್ದು ನಿಲ್ಲುತ್ತೆ. ಜನ ಇದನ್ನ ನಂಬೋದು ಸುಮ್ಮನೆ ಅಲ್ಲ.

ಆದ್ರೆ ಯಾವತ್ತೋ ಟ್ರಾನ್ಸ್‌ಫಾರ್ಮರಿನ ಇನ್ಸುಲೇಷನ್ ಸುಟ್ಟು ಫೇಸ್ ಡಬ್ಬಕ್ಕೆ ತಾಗಿದ್ರೆ? ಡಬ್ಬದಿಂದ ಶೀಲ್ಡು, ಶೀಲ್ಡಿನಿಂದ ಮೈಕಿನ ಜಾಲರಿ. ಬರಿಗಾಲಲ್ಲಿ ಕೂತು ಭಜನೆ ಹೇಳೋರ ಕೈಗೆ, ತುಟಿಗೆ 230 ವೋಲ್ಟ್. ಲೂಪನ್ನ ಕಡಿಯಬೇಕಾದ್ದು ಆಡಿಯೋ ದಾರಿಯಲ್ಲಿ. ನಾವು ಲ್ಯಾಪ್‌ಟಾಪಿಗೂ ಆಂಪ್ಲಿಫೈಯರಿಗೂ ನಡುವೆ 1:1 ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದ್ವಿ. ಗುಂಯ್ ನಿಂತಿತು, ಪಿನ್ ಉಳಿಯಿತು.

"ಅರ್ಥ್ ಗುಂಡಿ ಸರಿಯಿಲ್ಲ, ಅದಕ್ಕೇ ಗುಂಯ್ ಅನ್ನುತ್ತೆ" ಅಂತಲೂ ಹೇಳ್ತಾರೆ. ಸಾಮಾನ್ಯವಾಗಿ ಈ ಸದ್ದಿಗೂ ಗುಂಡಿಗೂ ಸಂಬಂಧವಿಲ್ಲ. ಆಕಾಶದಲ್ಲಿ ಹಾರೋ ವಿಮಾನಕ್ಕೆ ಎಲ್ಲಿದೆ ಗುಂಡಿ? ಗುಂಡಿ ಬೇಕಾಗಿರೋದು ಜೀವಕ್ಕೆ. ಧರ್ಮಪುರದ ಕಡೆ ಮಳೆ ಕಡಿಮೆ, ಬೇಸಿಗೆಯಲ್ಲಿ ನೆಲ ಬಿರಿಯುತ್ತೆ. ಒಣ ಮಣ್ಣು ಕರೆಂಟನ್ನ ಸುಲಭಕ್ಕೆ ಬಿಟ್ಟುಕೊಡಲ್ಲ. ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಆಗಾಗ ನೀರು ಸುರಿಯೋದು ಅದಕ್ಕೇ. ಗುಂಡಿಯ ರೆಸಿಸ್ಟೆನ್ಸ್ 20 ಓಮ್‌ಗೆ ಏರಿತು ಅನ್ನಿ, 230 ವೋಲ್ಟ್ ಪೂರ್ತಿ ಸೋರಿದ್ರೂ ಹರಿಯೋದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿ ಬೀಳೋದೇ ಇಲ್ಲ! ಡಬ್ಬ ಕರೆಂಟು ಹೊತ್ತುಕೊಂಡು ಕೂತಿರುತ್ತೆ. ಹಾಗಾಗಿ ಒಣ ಸೀಮೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಲೇಬೇಕು. ಅದು ನೋಡೋದು ಹೋದ ಕರೆಂಟು ವಾಪಸ್ ಬಂತಾ ಅಂತ. ಪಿನ್ ಇದ್ರೆ ಡಬ್ಬಕ್ಕೆ ಫೇಸ್ ತಾಗಿದ ಕೂಡಲೇ ಬೀಳುತ್ತೆ. ಪಿನ್ ಇಲ್ದಿದ್ರೆ ಯಾರಾದ್ರೂ ಮುಟ್ಟೋವರೆಗೂ ಕಾಯುತ್ತೆ.

ಪ್ಲಗ್ಗನ್ನ ಒಮ್ಮೆ ಕೈಲಿ ಹಿಡಿದು ನೋಡಿ. ಅರ್ಥ್ ಪಿನ್ ಉಳಿದೆರಡಕ್ಕಿಂತ ಉದ್ದ, ದಪ್ಪ. ಹಾಕುವಾಗ ಮೊದಲು ತಾಗಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು ಅಂತ. ನಿಮ್ಮೂರಿನ ಭಜನೆ ಮನೆ, ನಾಟಕದ ಸೆಟ್ಟಿನಲ್ಲಿ ಪಿನ್ ಕಿತ್ತ ಪ್ಲಗ್ ಕಂಡ್ರೆ ದಯವಿಟ್ಟು ಬದಲಾಯಿಸಿಬಿಡಿ. ಗುಂಯ್ ಅಂದ್ರೆ ಅನ್ನಲಿ, ಅದನ್ನ ಆಮೇಲೆ ನಿಧಾನವಾಗಿ ಹುಡುಕಬಹುದು.