ಅಜ್ಜನ ಕತ್ತಿಯ ಹಿಡಿ

ನಮ್ಮೂರು ಉಬ್ರಾಣಿ. ಚನ್ನಗಿರಿ ತಾಲ್ಲೂಕಿನ ಹೋಬಳಿ. ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದ 1991ರಲ್ಲಿ ನಾವಿನ್ನೂ ಶಿವಮೊಗ್ಗ ಜಿಲ್ಲೆಯವರು, ದಾವಣಗೆರೆಯವರಾದದ್ದು 1997ರಲ್ಲಿ. ಜಿಲ್ಲೆ ಯಾವುದಾದರೇನು, ಅಡಿಕೆ ಕೊಯ್ಲು ಬಂತೆಂದರೆ ಮನೆಮನೆಯಲ್ಲೂ ಕತ್ತಿಗಳಿಗೆ ಕೆಲಸ.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ತೋಟದ ಕತ್ತಿಯಿತ್ತು. ಬೀಟೆ ಮರದ ಹಿಡಿ. ಅಜ್ಜನ ಹೆಬ್ಬೆರಳು, ಆಮೇಲೆ ಅಪ್ಪನ ಹೆಬ್ಬೆರಳು ಊರಿ ಊರಿ ಹಿಡಿಯ ಮೇಲೆ ಒಂದು ಸಣ್ಣ ಗುಳಿ ಬಿದ್ದಿತ್ತು. ಅಪ್ಪ ಆ ಕತ್ತಿಯನ್ನು ಯಾರಿಗೂ ಎರವಲು ಕೊಡುತ್ತಿರಲಿಲ್ಲ.

ಆ ವರ್ಷ ಹಿಡಿ ಅಲ್ಲಾಡತೊಡಗಿತು. ಆಚಾರ್ರ ಕುಲುಮೆಗೆ ಕೊಟ್ಟು ಬಾ ಎಂದು ಅಪ್ಪ ನನ್ನ ಕೈಗಿತ್ತರು. ನಾನೋ ವಿಜ್ಞಾನ ಓದುವ ಹುಡುಗ! ಚನ್ನಗಿರಿಯ ಅಂಗಡಿಯಿಂದ ಎರಡು ಟ್ಯೂಬಿನ ಎಪಾಕ್ಸಿ ಅಂಟು ತಂದೆ. ಹಿಡಿಯೊಳಗೆ ಉಳಿದಿದ್ದ ಹಳೆಯ ಅರಗನ್ನು ಕೆರೆದು ತೆಗೆದು, ಅಂಟು ತುಂಬಿ, ಕತ್ತಿಯ ಮೊನೆ ಕೂರಿಸಿ ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ನೋಡಿದರೆ ಕಲ್ಲಿನಂತೆ ಹಿಡಿದಿತ್ತು, ಆದರೆ ಸೊಟ್ಟ. ಅಲಗು ಒಂದು ದಿಕ್ಕಿಗೆ, ಹಿಡಿ ಇನ್ನೊಂದು ದಿಕ್ಕಿಗೆ.

ಆಚಾರ್ರು ಹಳೆಯ ಹಿಡಿ ಬಿಚ್ಚುವುದನ್ನು ನಾನು ನೋಡಿದ್ದೆ. ಹಿಡಿಯ ಹತ್ತಿರದ ಕಬ್ಬಿಣವನ್ನು ಕೊಂಚ ಕಾಯಿಸುತ್ತಿದ್ದರು. ಹಿಡಿ ತಾನಾಗಿ ಜಾರುತ್ತಿತ್ತು. ಅವ್ವ ಹೊಲಕ್ಕೆ ಹೋಗಿದ್ದಾಗ ಒಲೆ ಉರಿಸಿ ನಾನೂ ಕಾಯಿಸಿದೆ. ಜಾರಲಿಲ್ಲ. ಇನ್ನಷ್ಟು ಕಾಯಿಸಿದೆ. ಮೂಗಿಗೆ ಅಡರುವ ಹೊಗೆ ಬಂತು, ಹಿಡಿಯ ಬಾಯಿ ಕರಿಯಿತು. ಅಲಗಿನ ಬಣ್ಣ ಹುಲ್ಲಿನ ಹಳದಿಯಾಗಿ, ಕಂದಾಗಿ, ಕೊನೆಗೆ ನವಿಲಿನ ಕತ್ತಿನಂತೆ ನೀಲಿಯಾಯಿತು. ನೋಡಲು ಚೆಂದವೇ ಇತ್ತು. ಇಕ್ಕಳ ಹಾಕಿ ಎಳೆದಾಗ ಎರಡೂ ಬೇರೆಯಾದವು, ಅಂಟಿನ ಮುಕ್ಕಾಲು ಪಾಲು ಹಿಡಿಯೊಳಗೇ ಉಳಿಯಿತು.

ಆಚಾರ್ರು ಅಲಗನ್ನು ಬೆಳಕಿಗೆ ಹಿಡಿದು ನೋಡಿ, 'ಹದ ಹೋಯ್ತಲ್ಲೋ ತಮ್ಮಾ' ಎಂದರು. ಅಪ್ಪನಿಗೆ ಏನು ಹೇಳುತ್ತಾರೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ಅವರು ಹೇಳಿದ್ದು ಇಷ್ಟೇ: 'ಹುಡುಗ ಅರಗು ಅಂತ ತಿಳ್ಕಂಡು ಕಾಯಿಸ್ಯಾನೆ ಬಿಡಿ.'

ಆ ಮಾತಿನ ಅರ್ಥ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಅರಗು ಸುಮಾರು 80 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆಲ್ಲ ಕರಗುತ್ತದೆ. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣ ಕೂರುವುದೂ ಹಾಗೆಯೇ: ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತುತ್ತದೆ. ಅಷ್ಟು ಬಿಸಿಗೆ ಮರವೂ ಕೆಡದು, ಉಕ್ಕೂ ಕೆಡದು. ಹದ ಹಾಕಿದ ಉಕ್ಕು ಹಳದಿಯಾಗುವುದು 220 ಡಿಗ್ರಿಯ ಆಸುಪಾಸಿನಲ್ಲಿ, ನೀಲಿಯಾಗುವುದು 300ರ ಹತ್ತಿರ. ನೀಲಿಗೆ ಬಂದರೆ ಅಂಚು ಮೆತ್ತಗಾಯಿತೆಂದೇ ಲೆಕ್ಕ. ಎಪಾಕ್ಸಿಯಾದರೋ ಒಮ್ಮೆ ಗಟ್ಟಿಯಾದರೆ ಎಷ್ಟು ಕಾಯಿಸಿದರೂ ಅರಗಿನಂತೆ ಕರಗಿ ಹರಿಯುವುದಿಲ್ಲ. ಬಿಸಿಗೆ ಸ್ವಲ್ಪ ಮೆತ್ತಗಾಗುತ್ತದೆ, ಮೀರಿದರೆ ಸುಟ್ಟು ಕರಕಲಾಗುತ್ತದೆ. ಒಂದು ಅಂಟಿನ ಮದ್ದನ್ನು ಇನ್ನೊಂದು ಅಂಟಿಗೆ ಕೊಟ್ಟಿದ್ದೆ ನಾನು. ಇಷ್ಟಾಗಿಯೂ ಆ ವರ್ಷ ವಿಜ್ಞಾನದಲ್ಲಿ ನನಗೆ ಒಳ್ಳೆಯ ಅಂಕವೇ ಬಂತು!

ಆಚಾರ್ರು ಅಲಗಿಗೆ ಮತ್ತೆ ಹದ ಹಾಕಿ ಜಾಲಿಯ ಹಿಡಿ ಕೂರಿಸಿಕೊಟ್ಟರು. ಅಪ್ಪ ಬೈಯಲಿಲ್ಲ. ಕೊಯ್ಲಿನುದ್ದಕ್ಕೂ ಆ ಹೊಸ ಹಿಡಿಯ ಮೇಲೆ ಹೆಬ್ಬೆರಳು ಊರಲು ಜಾಗ ಹುಡುಕುತ್ತಿದ್ದರು. ಬೈದಿದ್ದರೇ ವಾಸಿಯಿತ್ತು. ಬೀಟೆಯ ಹಿಡಿ ಅಟ್ಟ ಸೇರಿತು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಗುಡಿಸುತ್ತಿದ್ದ ನನ್ನ ಮಗಳ ಕೈಗೆ ಅದು ಸಿಕ್ಕಿತು. ಅವಳು ಬಿ.ಎಸ್ಸಿ. ವಿದ್ಯಾರ್ಥಿನಿ, ರಸಾಯನಶಾಸ್ತ್ರದವಳು. ಕಥೆ ಕೇಳಿ ನಕ್ಕಳು. 'ಒಳಗಿನ ಅಂಟು ನಾನು ತೆಗೀತೀನಪ್ಪಾ, ಬೆಂಕಿ ಮುಟ್ಟಿಸದೆ' ಎಂದಳು.

ತಂದದ್ದು ಅಸಿಟೋನು. ಕ್ಷಣದಲ್ಲಿ ಹಿಡಿಯುವ ಪುಟ್ಟ ಟ್ಯೂಬಿನ ಅಂಟಾದರೆ ಇದರಲ್ಲಿ ಬೇಗ ಬಿಡುತ್ತದಂತೆ. ಅರಗಿಗೆ ಸ್ಪಿರಿಟ್ ಸಾಕು, ಬಡಗಿಗಳ ಫ್ರೆಂಚ್ ಪಾಲಿಶ್ ಎಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗೇ ತಾನೆ. ಎಪಾಕ್ಸಿ ಮಾತ್ರ ಇದರಲ್ಲೂ ಕರಗದು, ನೆನೆದು ಉಬ್ಬಿ ಸಡಿಲಾಗಬೇಕು. ಅವಳು ಹಿಡಿಯನ್ನು ಪೂರ್ತಿ ಮುಳುಗಿಸಿಟ್ಟಳು. ಗಂಟೆ ಕಳೆಯುವುದರಲ್ಲಿ ಅಸಿಟೋನು ಕೆಂಪು ಚಹಾದಂತಾಯಿತು. ಬೀಟೆಯ ಬಣ್ಣವೇ ಬಿಡುತ್ತಿತ್ತು! ಅವಳ ಮುಖ ಸಣ್ಣದಾಯಿತು. ಒಲೆಯ ಮುಂದೆ ನಿಂತಿದ್ದ 1991ರ ನನ್ನ ಮುಖವೂ ಹೀಗೆಯೇ ಇದ್ದಿರಬೇಕು ಎನಿಸಿ, ನಾನು ಬಾಯಿ ಮುಚ್ಚಿಕೊಂಡೆ.

ಆಮೇಲೆ ಅವಳೇ ದಾರಿ ಕಂಡುಕೊಂಡಳು. ಅಸಿಟೋನಿನಲ್ಲಿ ಅದ್ದಿದ ಹತ್ತಿಯನ್ನು ರಂಧ್ರದೊಳಕ್ಕೆ ಮಾತ್ರ ತುರುಕಿ, ಆವಿಯಾಗಿ ಹಾರದಂತೆ ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದಳು. ಪ್ಲಾಸ್ಟಿಕ್ಕಿನಲ್ಲೂ ಜಾತಿ ನೋಡಬೇಕು: ಹಾಲಿನ ಪ್ಯಾಕೆಟ್ಟಿನ ಹಾಳೆ ತಡೆಯಿತು, ಪರೀಕ್ಷೆಗೆಂದು ಅದ್ದಿದ ಹಳೆಯ ಪೆನ್ನು ಮೆತ್ತಗಾಗಿ ಬೆರಳಿಗೆ ಅಂಟಿತು. ಪ್ಲಾಸ್ಟಿಕ್ ಹಿಡಿಯ ಚಾಕುವಿಗೆ ಈ ಪ್ರಯೋಗ ಬೇಡ. ಬೆಂಕಿ ಬಲು ಬೇಗ ಹಿಡಿಯುವ ದ್ರವವಾದ್ದರಿಂದ ದೇವರ ಮುಂದಿನ ದೀಪದಿಂದಲೂ ದೂರ, ಹಿತ್ತಲ ಕಟ್ಟೆಯ ಮೇಲೆ ಕೆಲಸ ನಡೆಯಿತು. ಅವ್ವ ಕಾವಲು.

ಮೂರು ದಿನ. ದಿನಕ್ಕೆರಡು ಸಲ ಹತ್ತಿ ಬದಲಿಸಿ, ಸಡಿಲಾದಷ್ಟನ್ನು ದಬ್ಬಳದಿಂದ ಮೀಟಿ ತೆಗೆದಳು. ಉಳಿದದ್ದಕ್ಕೆ ಸಣ್ಣ ಅರ, ಉಪ್ಪುಕಾಗದ, ಬರಿಗೈ. ಡ್ರಿಲ್ಲಿಂಗ್ ಮಿಷನ್ ತರಲೇ ಎಂದು ಕೇಳಿದೆ. ಬೇಡವೆಂದಳು, ಅದು ಉಜ್ಜುವ ಬಿಸಿಗೆ ಅಂಟು ಮೆತ್ತಗಾಗಿ ಮತ್ತೆ ಮೆತ್ತಿಕೊಳ್ಳುತ್ತದಂತೆ, ಒಳಗೇ ಮರ ಸುಡುತ್ತದಂತೆ. ಬಿಸಿಯ ವಿಷಯದಲ್ಲಿ ನನಗೆ ವಾದ ಮಾಡುವ ಮುಖವಿರಲಿಲ್ಲ. ಕರಿದ ಬಾಯಿಯನ್ನು ಕಾಲಿಂಚು ಕೊಯ್ದು, ಮಂಕಾದ ಮೈಗೆ ಅಗಸೆ ಎಣ್ಣೆ ತಿಕ್ಕಿದೆವು. ಬಣ್ಣ ಪೂರ್ತಿ ಮರಳಲಿಲ್ಲ, ಬೀಟೆ ಎಂದು ಗುರುತು ಸಿಗುವಷ್ಟು ಬಂತು.

ಕೂರಿಸುವಾಗ ಅರಗಿಗೆ ಇಟ್ಟಿಗೆ ಪುಡಿ ಬೆರೆಸಿ ತುಂಬಿದೆವು. ಮೊನೆಯನ್ನು ಕುದಿವ ನೀರಲ್ಲಿ ಕಾಯಿಸಿ, ಒರೆಸಿ ಒತ್ತಿದಳು. ಮೊದಲ ಸಲ ತುಸು ವಾರೆಯಾಯಿತು. ಮತ್ತೆ ಬಿಸಿನೀರು ತೋರಿಸಿ ಬಿಚ್ಚಿ ಕೂರಿಸಿದಳು, ಅಷ್ಟೇ.

ಅಪ್ಪನಿಗೀಗ ಎಂಬತ್ತರ ಹತ್ತಿರ. ತೋಟದ ಕೆಲಸ ಬಿಟ್ಟು ವರ್ಷಗಳಾದವು. ಜಗಲಿಯಲ್ಲಿ ಕೂತವರ ಕೈಗೆ ಮೊಮ್ಮಗಳು ಕತ್ತಿ ಕೊಟ್ಟಳು. ಹೆಬ್ಬೆರಳು ನೋಡದೆಯೇ ಗುಳಿಗೆ ಹೋಯಿತು. ಹಿಡಿಯನ್ನು ಹಿಂದೆಮುಂದೆ ಅಲ್ಲಾಡಿಸಿ ನೋಡಿದರು.

'ಇದಕ್ಕೆ ಏನು ಹಾಕೀಯವ್ವಾ?'

'ಅರಗು, ಅಜ್ಜಾ.'

'ಹೂಂ' ಎಂದವರು ನನ್ನತ್ತ ತಿರುಗಿ, 'ಮಸೆಗಲ್ಲು ತಗಂಬಾ' ಎಂದರು.