ಪೆನ್ಶನ್ ಬರುವ ಮೊದಲೇ ಪೆನ್ಶನ್ ಜೀವನ

ನಮ್ಮ ಬೈಲಹೊಂಗಲ ಕಡೆ ಹಳ್ಳಿಗಳಲ್ಲಿ ಮಿಲಿಟ್ರಿಗೆ ಹೋದವರಿಲ್ಲದ ಓಣಿ ಕಡಿಮೆ. ಯಾರಾದರೂ ಸೇವೆ ಮುಗಿಸಿ ಬಂದರೆ ತೆರೆದ ಜೀಪು, ಡೊಳ್ಳು, ಹೂಮಾಲೆ, ಶಾಲೆ ಮಕ್ಕಳ ಸಾಲು. ‘ನಿವೃತ್ತ ಯೋಧನಿಗೆ ಅದ್ದೂರಿ ಸ್ವಾಗತ’ ಎನ್ನುವ ಸುದ್ದಿಯನ್ನು ನಾನು ಎಷ್ಟು ಸಲ ಪತ್ರಿಕೆಗೆ ಕಳಿಸಿದ್ದೇನೋ ಲೆಕ್ಕವಿಲ್ಲ. ಹೆಸರು, ಊರು, ಸೇವೆಯ ವರ್ಷ ಬದಲಿಸಿದರೆ ಸುದ್ದಿ ಸಿದ್ಧ. ಅದರಲ್ಲಿ ಯಾರೂ ಗಮನಿಸದ ಒಂದು ಸಂಗತಿ ಎಂದರೆ ಆ ಯೋಧನ ವಯಸ್ಸು. 37, 38, ಹೆಚ್ಚೆಂದರೆ 40. ಮಾಸ್ತರು, ತಲಾಠಿಗಳಿಗೆ 60ಕ್ಕೆ ಬರುವ ದಿನ ಇವರಿಗೆ ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿ ಇರುವಾಗಲೇ ಬರುತ್ತದೆ.

ಈ ಸಲ ಬರುವವನು ನನ್ನ ಅಣ್ಣ. ಹವಾಲ್ದಾರ. ಬರುವ ಮಾರ್ಚ್‌ಗೆ ಅವನಿಗೆ 39 ವರ್ಷ, ಸೇವೆಗೆ 19. ಇನ್ನೂ ಇರಬಹುದಿತ್ತು. ಅವ್ವನ ಮೊಣಕಾಲು, ಹೊಲದ ಕೆಲಸ, ಮಕ್ಕಳ ಓದು ಎಲ್ಲವನ್ನೂ ವೈನಿ ಒಬ್ಬರೇ ನೋಡುತ್ತಿದ್ದಾರೆ, ಸಾಕು ಅಂದ. ಅರ್ಜಿ ಮಂಜೂರಾದ ದಿನ ನನಗೆ ಫೋನ್ ಮಾಡಿ, “ತಮ್ಮಾ, ನೀ ಪೇಪರಿನಾಂವ, ಲೆಕ್ಕ ಹಾಕಿ ಹೇಳು, ನಮಗ ಸಾಲತೈತೇನು?” ಅಂದ. ಸುದ್ದಿಗೆ ಇಷ್ಟು, ಫೋಟೋಕ್ಕೆ ಇಷ್ಟು ಎಂದು ತಿಂಗಳಾದ ಮೇಲೆ ಎಣಿಸಿಕೊಳ್ಳುವ ನನ್ನನ್ನು ಕೇಳಿದ್ದಾನೆ! ಪಿಎಫ್ಫೂ ಇಲ್ಲ, ಪೆನ್ಶನ್ನೂ ಇಲ್ಲದ ಕೆಲಸ ನನ್ನದು. ಹಾಗಾಗಿ ಪೈಸೆ ಎಣಿಸುವುದು ಮಾತ್ರ ಚೆನ್ನಾಗಿ ಬರುತ್ತದೆ.

ಲೆಕ್ಕ ಹೀಗಿದೆ. 15 ವರ್ಷ ಸೇವೆ ಮುಗಿಸಿದ ಜವಾನನಿಗೆ ಪೆನ್ಶನ್ ಹಕ್ಕು. ಕೊನೆಯ ಮೂಲ ವೇತನಕ್ಕೆ ಮಿಲಿಟರಿ ಸೇವಾ ವೇತನ ಸೇರಿಸಿ ಅದರ ಅರ್ಧ. ಅಣ್ಣನಿಗೆ ಇವೆರಡೂ ಸೇರಿ 44,000 ಬರುತ್ತದೆ. ಅಂದರೆ ಪೆನ್ಶನ್ 22,000, ಅದರ ಮೇಲೆ ತುಟ್ಟಿಭತ್ಯೆ. ನಾವು ಲೆಕ್ಕ ಹಾಕಿದಾಗಿನ ದರದಲ್ಲಿ ಎಲ್ಲ ಸೇರಿ ಸುಮಾರು 34,000. ಈಗ ಕೈಗೆ ಬರುವುದು ಹತ್ತತ್ತಿರ 60,000. ಅಂದರೆ ಹೆಚ್ಚುಕಡಿಮೆ ಅರ್ಧ.

ಆದರೆ ಊರಿನಲ್ಲಿ ಯಾರೂ 34,000ದ ಮಾತು ಆಡುವುದಿಲ್ಲ. ಎಲ್ಲರ ಬಾಯಲ್ಲೂ ಒಮ್ಮೆಲೇ ಬರುವ ರೊಕ್ಕದ್ದೇ ಮಾತು. ಕಟ್ಟೆ ಮೇಲೆ ಕೂತವರು 50 ಲಕ್ಷಕ್ಕೆ ಕಡಿಮೆ ಹೇಳುವುದಿಲ್ಲ. ನಿಜವಾಗಿ ಬರುವುದು ಗ್ರಾಚ್ಯುಟಿ, ಸಂಬಳದಲ್ಲಿ ತಿಂಗಳು ತಿಂಗಳು ಮುರಿದ ಫಂಡು, ಗುಂಪು ವಿಮೆ, ಉಳಿದ ರಜೆಯ ಹಣ. ಇಷ್ಟರ ಮೇಲೆ ಕಮ್ಯುಟೇಶನ್ ಎಂಬುದೊಂದು ಇದೆ. ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಕಮ್ಯುಟೇಶನ್ ಅಂದರೆ ಪೆನ್ಶನ್ನಿನ ಒಂದು ಪಾಲನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟು ಅದರ ಬದಲು ಮುಂಗಡವಾಗಿ ಇಡುಗಂಟು ಪಡೆಯುವುದು. ಸೇನೆಯವರು ಅರ್ಧದವರೆಗೆ ಬಿಡಬಹುದು. ಅಣ್ಣನ ವಯಸ್ಸಿಗೆ ಸಿಗುವುದು ಬಿಟ್ಟುಕೊಟ್ಟ ಪಾಲಿನ ವರ್ಷದ ಮೊತ್ತದ 9 ಪಟ್ಟಿನಷ್ಟು. 22,000ದಲ್ಲಿ 11,000 ಬಿಟ್ಟರೆ ಸುಮಾರು 12 ಲಕ್ಷ. ಆಮೇಲೆ 15 ವರ್ಷ ಪ್ರತಿ ತಿಂಗಳು 11,000 ಕಡಿತ. ಕೂಡಿಸಿದರೆ 19 ಲಕ್ಷದ 80 ಸಾವಿರ. 15 ವರ್ಷದ ನಂತರ ಪೂರ್ತಿ ಪೆನ್ಶನ್ ಮತ್ತೆ ಶುರು.

ಇದು ಮೋಸವಲ್ಲ. ಬಡ್ಡಿ ಲೆಕ್ಕ ಹಾಕಿ ನೋಡಿದೆ, ವರ್ಷಕ್ಕೆ ಶೇ. 7ರ ಆಸುಪಾಸು ಬೀಳುತ್ತದೆ. ತುಟ್ಟಿಭತ್ಯೆ ಪೂರ್ತಿ ಪೆನ್ಶನ್ ಮೇಲೆಯೇ ಬರುತ್ತದೆ. ನಡುವೆ ಏನಾದರೂ ಆದರೆ ಉಳಿದ ಕಂತನ್ನು ಮನೆಯವರ ಕುಟುಂಬ ಪೆನ್ಶನ್ನಿನಲ್ಲಿ ಮುರಿಯುವುದಿಲ್ಲ. ನೂರಕ್ಕೆ ತಿಂಗಳಿಗೆ ಎರಡು, ಮೂರು ರೂಪಾಯಿ ಬಡ್ಡಿಯ ಕೈಸಾಲ ಇದ್ದವರು ಇದನ್ನು ತೆಗೆದುಕೊಂಡು ಮೊದಲು ಆ ಸಾಲ ತೀರಿಸುವುದೇ ಜಾಣತನ. ಸಾಲವೇ ಇಲ್ಲದವನು ತೆಗೆದುಕೊಂಡು ಸ್ಲಾಬ್ ಮನೆಗೆ ಹಾಕಿದರೆ ಲೆಕ್ಕ ಬೇರೆ. ಮನೆ ತಿಂಗಳಿಗೆ ಏನೂ ದುಡಿದು ಕೊಡುವುದಿಲ್ಲ, ಕಡಿತ ಮಾತ್ರ ತಪ್ಪುವುದಿಲ್ಲ. ಅಣ್ಣನ ಕೈಗೆ ಬರುವ 34,000 ಆಗ 23,000 ಆಗುತ್ತದೆ.

ಅಣ್ಣನ ಮನಸ್ಸು ಪೂರ್ತಿ ಮನೆ ಕಟ್ಟುವುದರ ಮೇಲೆಯೇ ಇತ್ತು. ವಾದ ಮಾಡಿ ಪ್ರಯೋಜನವಿಲ್ಲ ಅನಿಸಿ ಒಂದು ಮಾತು ಹೇಳಿದೆ: “ನೀ ಹೇಳಿದಂಗ ಅರ್ಧ ಬಿಟ್ಟೀವಿ ಅಂತ ತಿಳಕೋ. ಏಪ್ರಿಲಿನಿಂದ ಮನಿಗೆ 23,000ನೇ ಕಳಸು. ಉಳದದ್ದು ಫಂಡಿಗೆ ಹಾಕು, ಪೋಸ್ಟಿನ್ಯಾಗ ಆರ್‌ಡಿ ಕಟ್ಟು. ವೈನಿ ನಡಸ್ತಾರೇನು ನೋಡೂಣು.”

ವೈನಿ ಫೋನ್ ಕಸಿದುಕೊಂಡು, “ನಡಸೂದು ನಾನು, ಮಾತಾಡೂದು ನೀವಿಬ್ಬರು,” ಅಂದರು. ಅದೂ ಖರೆ. ಆದರೂ ಒಪ್ಪಿಕೊಂಡರು. ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ದಿನದ ಖರ್ಚು ಬರೆಯಲು ಶುರು ಮಾಡಿದರು.

ಆ ನೋಟ್‌ಬುಕ್ ನನಗೆ ಕಲಿಸಿದಷ್ಟು ಯಾವ ಹಣಕಾಸು ವಿಡಿಯೋವೂ ಕಲಿಸಿಲ್ಲ. ಕಿರಾಣಿ, ಹಾಲು, ಗ್ಯಾಸ್, ಅವ್ವನ ಗುಳಿಗೆ, ಟ್ಯೂಷನ್ ಎಲ್ಲ ಅಂದಾಜಿನಷ್ಟೇ ಬಂತು. ಲೆಕ್ಕ ಕೆಡಿಸಿದ್ದು ಎರಡು ಸಂಗತಿ. ಮೊದಲನೆಯದು ಆಯೇರಿ. ಮೇ ತಿಂಗಳೊಂದರಲ್ಲೇ ಒಂಬತ್ತು ಮದುವೆ, ಎರಡು ಗೃಹಪ್ರವೇಶ. ಬೇರೆಯವರು 200 ಬರೆಸಿದರೆ ನಡೆಯುತ್ತದೆ, ಮಿಲಿಟ್ರಿಯವರ ಮನೆಯಿಂದ 500ಕ್ಕೆ ಕಡಿಮೆ ಬಂದರೆ ಮಾತು. ಸಂಬಳ ನಿಂತರೂ ಈ ‘ಮಿಲಿಟ್ರಿ ದರ’ ನಿಲ್ಲುವುದಿಲ್ಲ.

ಎರಡನೆಯದು ಅಣ್ಣನೇ. ಜೂನ್‌ನಲ್ಲಿ 30 ದಿನ ರಜೆಗೆ ಬಂದ. ಆ ತಿಂಗಳ 23,000 ಹನ್ನೊಂದನೇ ತಾರೀಕಿಗೆ ಮುಗಿಯಿತು. ಬಂದ ಮರುದಿನವೇ ಮಟನ್, ಬೀಗರ ಮನೆ ಓಡಾಟ, ಬೈಕಿಗೆ ಪೆಟ್ರೋಲ್, ಕ್ಯಾಂಟೀನ್ ಸಾಮಾನು ಕೇಳಿಕೊಂಡು ಬರುವ ಗೆಳೆಯರು. ಅವನ ತಪ್ಪೂ ಅಲ್ಲ. ಬ್ಯಾರಕಿನಲ್ಲಿ ಊಟ, ಬಟ್ಟೆ, ವಸತಿ ಎಲ್ಲ ಸೇನೆಯದು. ಕಿಸೆಯಿಂದ ಖರ್ಚು ಮಾಡುವ ರೂಢಿ ಅವನಿಗೆ ಇರುವುದೇ ರಜೆಯಲ್ಲಿ. ಊರಿಗೂ ಅವನು ಗೊತ್ತಿರುವುದು ರಜೆಗೆ ಬಂದ ನೆಂಟನಾಗಿಯೇ. ಮಾರ್ಚ್ ಆದಮೇಲೆ ಪ್ರತಿ ತಿಂಗಳೂ ರಜೆಯ ತಿಂಗಳೇ! ಮನೆಗೆ ಒಂದು ಬಾಯಿ ಹೆಚ್ಚಾಗುತ್ತದೆ, ಮಕ್ಕಳ ಶಿಕ್ಷಣ ಭತ್ಯೆ ನಿಲ್ಲುತ್ತದೆ. ಇದು ನಮ್ಮ ಲೆಕ್ಕದಲ್ಲಿ ಇರಲಿಲ್ಲ, ವೈನಿಯ ನೋಟ್‌ಬುಕ್ ತೋರಿಸಿತು. ಆ ಹಾಳೆಯ ಫೋಟೋ ತೆಗೆದು ಅಣ್ಣನಿಗೆ ಕಳಿಸಿದ್ದೂ ಅವರೇ, ಅವನು ರಜೆ ಮುಗಿಸಿ ರೈಲಿನಲ್ಲಿ ಇದ್ದಾಗ.

ಆಮೇಲೆ ಮಾತು ಬದಲಾಯಿತು. ಆಗಸ್ಟ್‌ನಲ್ಲಿ 26,000, ಸೆಪ್ಟೆಂಬರ್‌ನಲ್ಲಿ 25,000. 23,000ಕ್ಕೆ ಒಂದು ತಿಂಗಳೂ ಇಳಿಯಲಿಲ್ಲ. ಅಂದಮೇಲೆ ಅರ್ಧ ಪೆನ್ಶನ್ ಬಿಡುವಂತಿಲ್ಲ ಎಂಬುದು ಅಣ್ಣನಿಗೇ ತಿಳಿಯಿತು. ಕಾಲು ಭಾಗ ಮಾತ್ರ ಬಿಡೋಣ ಎಂದು ತೀರ್ಮಾನವಾಗಿದೆ. ಸುಮಾರು 6 ಲಕ್ಷ ಬರುತ್ತದೆ, ತಿಂಗಳಿಗೆ 5,500 ಹೋಗುತ್ತದೆ, ಕೈಗೆ 28,000 ಮೇಲೆ ಉಳಿಯುತ್ತದೆ. ಆ 6 ಲಕ್ಷದಲ್ಲಿ ಸೋರುವ ಅಡುಗೆಮನೆ, ಅವ್ವ ಹೋಗಿಬರಲು ಆಗುವಂಥ ಶೌಚಾಲಯ, ಹೊಲದ ಬೋರಿಗೆ ಹೊಸ ಮೋಟಾರು. ಮೇಲಂತಸ್ತು ಇಲ್ಲ.

ಉಳಿದ ಇಡುಗಂಟಿನ ಬಗ್ಗೆ ಈಗಲೇ ಸಲಹೆಗಾರರು ಶುರುವಾಗಿದ್ದಾರೆ. ಒಬ್ಬರು ಭಿಶಿ ಅಂತಾರೆ, ಇನ್ನೊಬ್ಬರು ಬ್ಯಾಂಕಿಗಿಂತ ಮೂರು ಪಟ್ಟು ಬಡ್ಡಿ ಕೊಡುವ ಸೊಸೈಟಿ ಅಂತಾರೆ. ಒಂದು ಗೊತ್ತಿರಲಿ: ಬ್ಯಾಂಕು, ಸಹಕಾರಿ ಬ್ಯಾಂಕುಗಳಲ್ಲಿ ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸೊಸೈಟಿಗಳಿಗೆ ಆ ವಿಮೆ ಇಲ್ಲ, ಬೋರ್ಡು ಎಷ್ಟೇ ದೊಡ್ಡದಿರಲಿ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಒಬ್ಬರು 9 ಲಕ್ಷ, ಗಂಡ-ಹೆಂಡತಿ ಜಂಟಿಯಾಗಿ 15 ಲಕ್ಷದವರೆಗೆ ಇಡಬಹುದು. ಶೇ. 7.4ರ ದರದಲ್ಲಿ 9 ಲಕ್ಷಕ್ಕೆ ತಿಂಗಳಿಗೆ 5,550. ಜಂಟಿ ಖಾತೆ ಅಂದಾಗ ವೈನಿ ಮೊದಲ ಸಲ ಸ್ವಲ್ಪ ನಕ್ಕರು.

ನಮ್ಮ ಓಣಿಯಲ್ಲಿ ಒಬ್ಬ ಅಗ್ನಿವೀರ ಹುಡುಗನೂ ಇದ್ದಾನೆ. ಅವನ ಕಥೆ ಇನ್ನೂ ಬಿಗಿ. ನಾಲ್ಕು ವರ್ಷ ಸೇವೆ, ಕೊನೆಗೆ ಸೇವಾ ನಿಧಿ, 2022ರ ಘೋಷಣೆಯ ಪ್ರಕಾರ ಸುಮಾರು 11.71 ಲಕ್ಷ. ಅದರ ಅರ್ಧ ಅವನ ಸಂಬಳದಲ್ಲೇ ಮುರಿದದ್ದು. ಪೆನ್ಶನ್ ಇಲ್ಲ. ಸೇನೆಯಲ್ಲಿ ಮುಂದುವರಿಯುವ ಅವಕಾಶ ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬರಿಗೆ. ಅವನ ಅಪ್ಪ ಆಗಲೇ ಮನೆಗೆ ಪಾಯ ಹಾಕಿಸಿದ್ದಾರೆ. ಹುಡುಗ ಮೊನ್ನೆ ವೈನಿಯ ನೋಟ್‌ಬುಕ್ ಫೋಟೋ ಕೇಳಿ ವಾಟ್ಸ್ಆ್ಯಪ್ ಮಾಡಿದ್ದ. ಕಳಿಸಿದ್ದೇನೆ, ಆಯೇರಿಯ ಹಾಳೆ ಸಮೇತ.

ಇನ್ನೊಂದು ಕೆಲಸ ಬಾಕಿ ಇದೆ. ಹತ್ತೊಂಬತ್ತು ವರ್ಷ ದುಡಿದು ಮಗ ಮಹಡಿ ಮನೆ ಕಟ್ಟಿಸುವುದಿಲ್ಲ ಎಂದು ಅವ್ವನಿಗೆ ಇನ್ನೂ ಯಾರೂ ಹೇಳಿಲ್ಲ. ಮಂದಿ ಏನಂತಾರೆ ಎಂಬುದು ಅವಳಿಗೆ ಮೊಣಕಾಲಿಗಿಂತ ಹೆಚ್ಚು ನೋಯುವ ಜಾಗ. “ನೀ ಹೇಳು” ಅಂತ ಅಣ್ಣ, “ನೀವ ಹೇಳ್ರಿ” ಅಂತ ವೈನಿ. ಅವ್ವನ ಹತ್ತಿರ ಇರುವುದು ಕೀಪ್ಯಾಡ್ ಫೋನು, ಹಾಗಾಗಿ ಇದನ್ನು ಧೈರ್ಯವಾಗಿ ಇಲ್ಲಿ ಬರೆದಿದ್ದೇನೆ. ನಮ್ಮೂರಿನವರು ಓದಿದರೆ ದಯವಿಟ್ಟು ದೀಪಾವಳಿವರೆಗೆ ಸುಮ್ಮನಿರಿ.